ಕೊರಿಯಾದ ಸೊಸೆ ಕೇಳಿದ್ದೇನು

ಹಾಸನದಲ್ಲಿ ಕಣ್ಣು ತೋರಿಸಿಕೊಂಡು, ಹಾಗೆಯೇ ಮಲ್ಲಿಪಟ್ಟಣದ ಬೀಗರನ್ನು ಮಾತಾಡಿಸಿಕೊಂಡು ಬರೋಣವೆಂದು ಅರಕಲಗೂಡಿನ ಬಸ್ಸು ಹತ್ತಿದ್ದೆ. ಮೊನ್ನೆಯ ಮಾತು. ಮಳೆ ಹನಿಯುತ್ತಿತ್ತು, ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಮೊಬೈಲು ಹಿಡಿದು ಕೂತಿದ್ದಳು. ಅದರಿಂದ ಸಣ್ಣಗೆ ಒಬ್ಬ ಹೆಂಗಸಿನ ಅಳು ಕೇಳುತ್ತಿತ್ತು. "ಮಾಜೀ... ಮಾಜೀ..." ಎಂದು ಹಿಂದಿಯಲ್ಲಿ ಅಳು. ಬಗ್ಗಿ ನೋಡಿದೆ. ಅಳುತ್ತಿದ್ದವಳು ಹಿಂದಿಯವಳಲ್ಲ.

"ಕೊರಿಯಾದ್ದೇನವ್ವಾ?" ಎಂದು ಕೇಳಿದೆ.

ಹುಡುಗಿ ಬೆಚ್ಚಿ ತಿರುಗಿದಳು. "ಹೂಂ ತಾತ. ನಿಮ್ಗೂ ಗೊತ್ತಾ?"

"ನೀನು ಅಂಗನವಾಡಿಗೆ ಹೋಗೋಕ್ ಮುಂಚೆನೇ ನೋಡಿದ್ದೀನಿ ಕಣವ್ವ. ಇದ್ರಲ್ಲಿ ಹುಡುಗಿ ಯಾರನ್ನ ಮದ್ವೆ ಆಯ್ತಾಳೆ?"

"ಇನ್ನೂ ಗೊತ್ತಿಲ್ಲ ತಾತ. ಇಬ್ರು ಅವ್ರೆ."

"ಒಬ್ಬ ಕೈ ಹಿಡ್ಕೊಂಡು ದರದರ ಎಳ್ಕೊಂಡು ಹೋಗ್ತಾನೆ, ಇನ್ನೊಬ್ಬ ಛತ್ರಿ ಹಿಡ್ಕೊಂಡು ಸುಮ್ಕೆ ನಿಂತಿರ್ತಾನೆ. ಅಲ್ವಾ?"

ಹುಡುಗಿ ಜೋರಾಗಿ ನಕ್ಕಳು. "ಕರೆಕ್ಟ್ ತಾತ! ನಾನು ಛತ್ರಿ ಪಾರ್ಟಿ."

"ನಾನೂ ಅದೇ ಪಾರ್ಟಿ. ಆದ್ರೆ ಗೆಲ್ಲಾದು ಎಳ್ಕೊಂಡ್ ಹೋಗೋನೇ."

ಕಣ್ಣು ಮಂಜಾದರೂ ಮೊಮ್ಮಗಳ ಮೊಬೈಲಿನಲ್ಲಿ ಇವನ್ನು ನಾನು ಈಗಲೂ ಬಿಡದೆ ನೋಡುತ್ತೇನೆ. ನನಗೆ ನನ್ನವೇ ಅಭಿಪ್ರಾಯಗಳಿವೆ. ಕೊರಿಯಾದವರು ಅಳುವಾಗ ಮೂಗಿನ ತುದಿ ಕೆಂಪಾಗುತ್ತದೆ, ಅದು ಸುಳ್ಳು ಅಳುವಲ್ಲ. ನಮ್ಮ ಧಾರಾವಾಹಿಯಲ್ಲಿ ಅತ್ತೆ ತಿರುಗಿ ನೋಡಿದರೆ ಮೂರು ಸಲ ಸಿಡಿಲು ಬಡಿಯುತ್ತದೆ. ಅಲ್ಲಿ ಅತ್ತೆಯಾದವಳು ಚಹದ ಬಟ್ಟಲನ್ನು ಒಂಚೂರು ಜೋರಾಗಿ ಕೆಳಗಿಟ್ಟರೆ ಸಾಕು, ನಮ್ಮ ಎದೆ ಝಲ್ಲೆನ್ನುತ್ತದೆ. ಅಲ್ಲಿನ ಕೆಟ್ಟವರೂ ಒಬ್ಬರೇ ಕೂತು ಊಟ ಮಾಡುತ್ತಾರೆ. ಹಸಿದು ಉಣ್ಣುವವನನ್ನು ಪೂರ್ತಿಯಾಗಿ ದ್ವೇಷಿಸುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಕಥೆ ಮುಗಿಯುತ್ತದೆ. ನಮ್ಮವು ನಮ್ಮ ಆಯಸ್ಸಿಗಿಂತ ಉದ್ದ. ಅಲ್ಲಿನ ಗಂಡಂದಿರ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ತಾಯಿ ಹೆಂಡತಿಯನ್ನು ಬೈಯುವಾಗ ಗೋಡೆ ನೋಡುತ್ತ ನಿಂತುಬಿಡುತ್ತಾರೆ. ಮಾವಂದಿರ ಬಗ್ಗೆ ಏನಾದರೂ ಹೇಳುವ ಹಕ್ಕು ನನಗಿಲ್ಲ. ಅದು ಯಾಕೆಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹುಡುಗಿ ಅರಕಲಗೂಡಿಗಿಂತ ಮುಂಚೆಯೇ ಇಳಿದು ಹೋದಳು. ಆ "ಮಾಜೀ" ಮಾತ್ರ ಕಿವಿಯಲ್ಲಿ ಉಳಿಯಿತು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಒಂದು ಮಳೆಗಾಲ. ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ನಾನು ಹೊಳೆನರಸೀಪುರದ ಮನೆಯಲ್ಲಿ ಕೂತ ಮೊದಲ ವರ್ಷ. ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ, ಹಜಾರದಲ್ಲಿ ಅಡ್ಡ ಕಟ್ಟಿದ ಹಗ್ಗದ ಮೇಲೆ ಒದ್ದೆ ಸೀರೆಯ ವಾಸನೆ. ಕೇಬಲ್ಲಿನವನ ಜೊತೆ ಜಗಳವಾಡಿ ನನ್ನ ಹೆಂಡತಿ ಜಯಮ್ಮ ತಂತಿ ಬಿಚ್ಚಿಸಿಬಿಟ್ಟಿದ್ದಳು. ತಾರಸಿಯ ಹಳೇ ಆಂಟೆನಾಕ್ಕೆ ಸಿಕ್ಕುತ್ತಿದ್ದದ್ದು ಸರ್ಕಾರಿ ಚಾನೆಲ್ಲು ಒಂದೇ. ಅದರಲ್ಲಿ ಶನಿವಾರ, ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಕೊರಿಯಾ ಧಾರಾವಾಹಿ ಬರತೊಡಗಿತು. ಮಾತೆಲ್ಲ ಹಿಂದಿಗೆ ಬದಲಾಯಿಸಿದ್ದು. ಬಾಯಿ ಮುಚ್ಚಿದ ಮೇಲೂ ಮಾತು ಕೇಳುತ್ತಿತ್ತು. ಮೊದಲ ದಿನ ಜಯಮ್ಮ, "ಇವ್ರಿಗೇನು ಗಂಟ್ಲಲ್ಲಿ ಇನ್ನೊಬ್ರು ಕುಂತವ್ರಾ?" ಎಂದು ಕೇಳಿದ್ದಳು.

ನಮ್ಮ ಮನೆಯಲ್ಲಿ ಹಿಂದಿ ಬಲ್ಲವನೆಂದರೆ ನಾನು. ತೊಂಬತ್ತರ ದಶಕವೆಲ್ಲ ನಾನಿದ್ದದ್ದು ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗುವ ಬಸ್ಸಿನಲ್ಲಿ. ಉತ್ತರದ ಕಡೆಯ ಯಾತ್ರಿಕರು ಗಂಟುಮೂಟೆ ಸಮೇತ ಹತ್ತುತ್ತಿದ್ದರು. ಬೆಟ್ಟ ಹತ್ತಿ ಇಳಿದವರು ಜಿನನಾಥಪುರದ ಬಸದಿಗೆ ದಾರಿ ಕೇಳುತ್ತಿದ್ದರು. "ಆಗೇ ಬಢೋ, ಛುಟ್ಟಾ ದೋ, ಸಾಮಾನ್ ಊಪರ್, ಉತರೋ ಉತರೋ." ನನ್ನ ಹಿಂದಿ ಬಸ್ಸಿನ ಬಾಗಿಲಷ್ಟೇ ಅಗಲದ್ದು. ಆದರೆ ಮನೆಯವರಿಗೆ, ಬೀದಿಯವರಿಗೆ ನಾನು ದೊಡ್ಡ ಹಿಂದಿ ಪಂಡಿತ. ಎದುರುಮನೆಯ ಸರೋಜಮ್ಮ ತಟ್ಟೆಯ ಸಮೇತ ಬಂದು ಕೂರುತ್ತಿದ್ದರು.

"ಕಂಡಕ್ಟ್ರಣ್ಣ, ಈಗೇನಂದ ಅವ್ನು? ಬ್ಯಾಗ ಏಳಿ, ಇನ್ನೊಬ್ಬ ಬಂದ್ಬುಟ್ಟ."

ನಾನು ಮುದ್ದೆ ಮುರಿಯುತ್ತ ಹೇಳುತ್ತಿದ್ದೆ. ಗೊತ್ತಾದಷ್ಟು ಹೇಳಿ, ಗೊತ್ತಾಗದ್ದನ್ನು ಮುಖ ನೋಡಿ ಕಟ್ಟುತ್ತಿದ್ದೆ. ಮೂವತ್ತು ವರ್ಷ ಮುಖ ನೋಡಿಕೊಂಡೇ ಟಿಕೆಟ್ ಹರಿದವನಿಗೆ ಅದೇನು ಕಷ್ಟವಾಗಿರಲಿಲ್ಲ.

ಹಳೇ ಕಾಲದ ಕಥೆ ಅದು. ಒಂದು ದೊಡ್ಡ ಮನೆ. ಕಾಳು ಬೇಯಿಸಿ, ಉಂಡೆ ಕಟ್ಟಿ, ಒಣಗಿಸಿ, ಜಾಡಿಗಳಲ್ಲಿ ಹುಳಿ ಬರಿಸಿ ಊರಿಗೆಲ್ಲ ಮಾರುವ ಮನೆತನ. ಅಂಗಳದ ತುಂಬ ಆಳೆತ್ತರದ ಮಣ್ಣಿನ ಜಾಡಿಗಳು. ಆ ಜಾಡಿಗಳನ್ನು ತೊಳೆದು ಒರೆಸುವವಳು ಮನೆಯ ಹೊಸ ಸೊಸೆ. ಅವರ ಹೆಸರುಗಳು ನಮ್ಮ ನಾಲಿಗೆಗೆ ಹತ್ತುತ್ತಿರಲಿಲ್ಲ, ಹಾಗಾಗಿ ನಾವೇ ಹೆಸರಿಟ್ಟೆವು. ಸೊಸೆ 'ಜಾಡಿ ಹುಡುಗಿ'. ತಲೆಯ ಮೇಲೆ ಹಗ್ಗದ ಸಿಂಬಿಯಂತೆ ಜಡೆ ಸುತ್ತಿಕೊಂಡ ಅತ್ತೆ 'ದೊಡ್ಡಮುಡಿ'. ಆಚೆಗಿನದೆಲ್ಲ ಕಾಣುವ ಕಪ್ಪು ಟೋಪಿಯ ಮಾವ 'ಸೊಳ್ಳೆಪರದೆ'. ಗಂಡನಿಗೆ ಹೆಸರೇ ಇಡಲಿಲ್ಲ. "ಅವ್ನು ಇದ್ರೂ ಒಂದೆ, ಇಲ್ದಿದ್ರೂ ಒಂದೆ" ಎಂದು ಸರೋಜಮ್ಮ ಕೈಬಿಟ್ಟರು.

ಜಯಮ್ಮನಿಗೆ ದೊಡ್ಡಮುಡಿಯ ಮೇಲೆ ಬಹಳ ಗೌರವ. ಜಾಡಿಯ ಮುಚ್ಚಳ ತೆಗೆದು, ಬೆರಳಲ್ಲಿ ಒಂದು ತೊಟ್ಟು ನೆಕ್ಕಿ, ಉಪ್ಪು ಹೆಚ್ಚೋ ಕಡಿಮೆಯೋ ಹೇಳಿಬಿಡುತ್ತಿದ್ದಳು ಆಕೆ. "ಕೈಗುಣ ಇರೋಳು" ಎಂದು ಜಯಮ್ಮ ಮೆಚ್ಚುತ್ತಿದ್ದಳು. ನನಗೆ ಇಷ್ಟವಾಗಿದ್ದದ್ದು ಸೊಳ್ಳೆಪರದೆ. ಮಾತು ಕಡಿಮೆ, ಗಡ್ಡ ನೀವುವುದು ಹೆಚ್ಚು. ಯಾರ ತಂಟೆಗೂ ಹೋಗದ ಮನುಷ್ಯ. ದೊಡ್ಡವನೆಂದರೆ ಹೀಗಿರಬೇಕು ಎಂದು ನಾನು ಆಗ ತಿಳಿದಿದ್ದೆ.

ನಮ್ಮ ಮನೆಗೂ ಒಬ್ಬ ಹೊಸ ಸೊಸೆ ಬಂದಿದ್ದಳು. ಸವಿತಾ, ಮಲ್ಲಿಪಟ್ಟಣದ ಚಿಕ್ಕೇಗೌಡರ ಮಗಳು. ಪಿಯುಸಿಯಲ್ಲಿ ಒಳ್ಳೆಯ ನಂಬರು ತೆಗೆದಿದ್ದಳು. ಮದುವೆಯ ಮಾತುಕತೆಯ ದಿನ ಚಿಕ್ಕೇಗೌಡರು ಕೇಳಿದ್ದು ಒಂದೇ. "ಬೀಗರೇ, ನಮ್ಮುಡ್ಗಿ ಟೀಚರ್ ಟ್ರೈನಿಂಗ್ ಮಾಡ್ಬೇಕು ಅಂತಾಳೆ. ನಮ್ಮನೇಲಿ ಓದ್ದೋರು ಯಾರೂ ಇಲ್ಲ. ಅದೊಂದ್ ನಡೆಸ್ಕೊಡಿ." ವೀಳ್ಯದೆಲೆ ಕೈಯಲ್ಲಿ ಹಿಡಿದುಕೊಂಡೇ ನಾನು, "ಓದ್ಲಿ ಬಿಡಿ ಗೌಡ್ರೆ, ನಮ್ಮನೆ ಮಗಳಿದ್ದಂಗೆ" ಎಂದಿದ್ದೆ.

ಆ ಮಳೆಗಾಲ ಟ್ರೈನಿಂಗ್ ಸೇರಲು ಅರ್ಜಿ ಕರೆದರು. ಸವಿತಾ ಕಾಫಿ ತಂದುಕೊಟ್ಟು, ಲೋಟ ಹಿಂದಕ್ಕೆ ಇಸಿದುಕೊಳ್ಳುವವರೆಗೂ ನಿಂತಿದ್ದು, "ಮಾವ, ಅರ್ಜಿ ಕರ್ದವ್ರೆ. ಹಾಸನದಲ್ಲೇ ಸೀಟು ಸಿಗ್ಬೋದು" ಎಂದಳು.

"ನಿಮ್ಮತ್ತೆ ಹತ್ರ ಮಾತಾಡ್ತೀನಿ ಇರವ್ವ" ಎಂದೆ.

ಮಾತಾಡಲಿಲ್ಲ. ಜಯಮ್ಮ ತಾನಾಗಿಯೇ ಒಂದು ದಿನ, "ಸವಿತಾ ಓದೋ ವಿಚಾರ ಏನಂತೆ?" ಎಂದು ಕೇಳಿದಾಗ, "ಅವ್ಳಿಗೇ ಅಷ್ಟೇನು ಇಷ್ಟ ಇದ್ದಂಗಿಲ್ಲ ಬಿಡು" ಎಂದೆ. ಮಗ ಮಂಜುನಾಥನದು ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರ್ ರೀವೈಂಡಿಂಗ್ ಅಂಗಡಿ. ಅವನು ಕೇಳಿದಾಗ, "ನಿಮ್ಮಮ್ಮಂಗೆ ಮನಸ್ಸಿಲ್ಲ ಕಣ್ಲಾ, ಸುಮ್ಕಿರು" ಎಂದೆ. ಅವನು ಗೋಡೆ ನೋಡಿದ.

ಯಾಕೆ ಹಾಗೆ ಮಾಡಿದೆ? ದಿನಾ ಬಸ್ಸಿನಲ್ಲಿ ಹೆಣ್ಣುಮಕ್ಕಳು ಪಡುವ ಪಾಡು ಕಂಡವನು ನಾನು, ಅದಕ್ಕೇ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನಿಜ ಹೇಳುತ್ತೇನೆ. ಡ್ಯೂಟಿಯಲ್ಲಿದ್ದಾಗ ಬಸ್ಸು ನಿಲ್ಲಬೇಕಾದರೂ ಹೊರಡಬೇಕಾದರೂ ನನ್ನ ಸೀಟಿ ಬೇಕಿತ್ತು. ಮನೆಗೆ ಬಂದು ಕೂತ ಮೇಲೆ ನನ್ನ ಮಾತಿಗೆ ನಾಯಿಯೂ ತಿರುಗಿ ನೋಡುತ್ತಿರಲಿಲ್ಲ. ಕೇಳುವುದಕ್ಕೆ ಮುಂಚೆ ಕಾಫಿ ತರುತ್ತಿದ್ದವಳು, ನಾನು ಹೇಳಿದ ರೂಟಿನ ಕಥೆಗಳನ್ನೆಲ್ಲ ನಿಂತು ಕೇಳುತ್ತಿದ್ದವಳು ಸವಿತಾ ಒಬ್ಬಳೇ. ಅವಳು ಹಾಸನಕ್ಕೆ ಹೋಗಿಬಿಟ್ಟರೆ ನನ್ನ ಹಗಲು ಖಾಲಿ. ಅಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಮಾತು ತಪ್ಪಿದೆ.

ಹೀಗಿರುವಾಗ ಒಂದು ಭಾನುವಾರ ಧಾರಾವಾಹಿಯಲ್ಲಿ ಹಿಮ ಬೀಳುತ್ತಿತ್ತು. ಜಾಡಿ ಹುಡುಗಿ ಅಂಗಳದಲ್ಲಿ ಮಂಡಿಯೂರಿ ಕೂತಿದ್ದಳು. ದೊಡ್ಡಮುಡಿ ಮೆಟ್ಟಿಲ ಮೇಲೆ. ಹುಡುಗಿಯ ಮೂಗು ಕೆಂಪಾಗಿತ್ತು, ತಲೆಯ ಮೇಲೆ ಹಿಮ. ತಲೆಯೆತ್ತಿ ಅವಳು ಹೇಳಿದಳು: "ಮಾಜೀ, ಮುಝೆ ಶಿಕ್ಷಾ ದೀಜಿಯೆ. ಮೈ ಸಿರ್ಫ್ ಶಿಕ್ಷಾ ಮಾಂಗ್ತೀ ಹೂಂ."

ನಾನು ಹೇಳುವುದಕ್ಕೆ ಮುಂಚೆ ಸರೋಜಮ್ಮನೇ, "ಅಯ್ಯೋ, ಶಿಕ್ಷೆ ಕೊಡಿ ಅಂತಾವ್ಳಾ?" ಎಂದರು.

"ಹೂಂ. ತಪ್ಪಾಯ್ತು ಅತ್ತೆಮ್ಮ, ಏನ್ ಶಿಕ್ಷೆ ಕೊಟ್ರೂ ಅನುಭೋಗಿಸ್ತೀನಿ ಅಂತಾವ್ಳೆ" ಎಂದು ನಾನು ತಡವರಿಸಿಕೊಂಡು ಕನ್ನಡ ಮಾಡಿದೆ.

ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ. ನಾನು ಹಾಗೆಯೇ ತಿಳಿದಿದ್ದೆ. ನಮ್ಮ ಕನ್ನಡದಲ್ಲೂ ಶಿಕ್ಷಣ, ಶಿಕ್ಷಕ ಎಂಬ ಮಾತುಗಳಿವೆ, ಇಲ್ಲವೆಂದಲ್ಲ. ಆದರೆ ಹಿಮದಲ್ಲಿ ಮಂಡಿಯೂರಿ ಕಣ್ಣೀರು ಸುರಿಸುವವಳ ಬಾಯಲ್ಲಿ ಶಿಕ್ಷಾ ಎಂದು ಬಂದರೆ ನಮ್ಮ ಕಡೆಯವರಿಗೆ ಹೊಳೆಯುವುದು ಒಂದೇ.

ಜಯಮ್ಮನ ಕಣ್ಣಲ್ಲಿ ನೀರು ಬಂತು. "ನೋಡ್ದಾ ಸವಿತಾ? ದೊಡ್ಡ್ ಮನೆ ಸೊಸೆ ಅಂದ್ರೆ ಅಂಗಿರ್ಬೇಕು. ತಾನೇ ಬಂದು ಶಿಕ್ಷೆ ಕೇಳ್ತಾವ್ಳೆ."

ಸವಿತಾ ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಸರೋಜಮ್ಮ ಕೂತಿದ್ದಾರೆ, ಹೊರಗಿನವರ ಎದುರು ಮಾವನ ಮಾತನ್ನು ತಿದ್ದುವುದು ಹೇಗೆ? ನನ್ನ ಲೋಟಕ್ಕೆ ಮಜ್ಜಿಗೆ ಬಗ್ಗಿಸಿ ಒಳಗೆ ಹೋದಳು. ಹೈಸ್ಕೂಲಿನಲ್ಲಿ ಅವಳಿಗೂ ಹಿಂದಿ ಇತ್ತೆಂಬುದು ನನಗೆ ಆಗ ನೆನಪಾಗಲೇ ಇಲ್ಲ.

ಮುಂದಿನ ವಾರ ಕಥೆ ಎಲ್ಲೋ ಜೋಡಣೆ ತಪ್ಪಿತು. ಸೊಳ್ಳೆಪರದೆ ಯಾರಿಗೂ ಕಾಣದಂತೆ ಹುಡುಗಿಯನ್ನು ಕರೆದು ಅವಳ ಕೈಗೆ ಒಂದು ಕುಂಚ, ಒಂದು ಸುರುಳಿ ಕಾಗದ ಕೊಟ್ಟ. ಹುಡುಗಿ ಅದನ್ನು ಎದೆಗೊತ್ತಿಕೊಂಡು ಅತ್ತಳು.

"ಇದೇನ್ರೀ? ಶಿಕ್ಷೆ ಕೇಳಿದ್ರೆ ಕಾಗ್ದ ಕೊಟ್ಟ?" ಜಯಮ್ಮ ಕೇಳಿದಳು.

ನನಗೂ ಗೊಂದಲ. ಸ್ವಲ್ಪ ಯೋಚಿಸಿ ಹೇಳಿದೆ. "ಇಂಪೋಸಿಷನ್ನು. ತಪ್ಪಾಯ್ತು ಅಂತ ನೂರು ಸಲ ಬರಿ ಅಂದವ್ನೆ."

"ನಮ್ ಮೇಷ್ಟ್ರೂ ಅಂಗೇ ಬರಿಸ್ತಿದ್ರು ಕಣಕ್ಕ" ಎಂದು ಸರೋಜಮ್ಮ ಒಪ್ಪಿಕೊಂಡರು. ಅಡುಗೆಮನೆಯಿಂದ ಕೆಮ್ಮಿದಂಥ ಒಂದು ಸದ್ದು ಬಂತು. ಅದು ಕೆಮ್ಮಲ್ಲ, ನಗು ತಡೆದದ್ದು ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು.

ಆ ವಾರದ ನಡುವೆ ನಾನು ದುದ್ದಕ್ಕೆ ಹೋಗಿದ್ದೆ, ನಮ್ಮ ಕಡೆಯವರೊಬ್ಬರ ತಿಥಿಗೆ. ವಾಪಸು ಬರುವಾಗ ಊರಾಚೆ ಬಸ್ಸಿನ ಟಯರು ಪಂಕ್ಚರ್ ಆಯಿತು. ಎಲ್ಲರೂ ಇಳಿದೆವು. ಎದುರಿಗೆ ಒಂದು ಸರ್ಕಾರಿ ಶಾಲೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದು, ಪೆನ್ಸಿಲು ಹಿಡಿದ ಮಕ್ಕಳ ಚಿತ್ರ ಬರೆಸಿದ್ದರು. ಮೇಲೆ ಕನ್ನಡದಲ್ಲಿ 'ಎಲ್ಲರಿಗೂ ಶಿಕ್ಷಣ' ಎಂದಿತ್ತು. ಕೆಳಗೆ ಹಿಂದಿಯಲ್ಲಿ ಒಂದು ಸಾಲು. ಎಸ್ಸೆಸ್ಸೆಲ್ಸಿವರೆಗೆ ಓದುವಾಗ ಕಲಿತ ಅಕ್ಷರ, ಮಾಡಲು ಕೆಲಸವಿರಲಿಲ್ಲ, ಕೂಡಿಸಿಕೊಂಡು ಓದಿದೆ. ಸಬ್ ಕೋ ಶಿಕ್ಷಾ.

ಎಲ್ಲರಿಗೂ ಶಿಕ್ಷೆ ಎಂದು ಯಾವ ಸರ್ಕಾರವೂ ಶಾಲೆಯ ಗೋಡೆಯ ಮೇಲೆ ಬರೆಸುವುದಿಲ್ಲ.

ಮಳೆಯಲ್ಲಿ ಹಾಗೆಯೇ ನಿಂತುಬಿಟ್ಟೆ. ಕುಂಚ, ಕಾಗದ, ಮಜ್ಜಿಗೆಯ ಚೊಂಬು ಹಿಡಿದು ನನ್ನ ಮುಖ ನೋಡಿದ ಸವಿತಾ, ಎಲ್ಲ ಒಟ್ಟಿಗೆ ಬಂದು ಎದೆಗೆ ತಗುಲಿತು. ಆ ಕೊರಿಯಾದ ಹುಡುಗಿ ಕೇಳಿದ್ದು ಓದನ್ನು. ನಮ್ಮ ಮನೆಯ ಹುಡುಗಿ ಕೇಳಿದ್ದೂ ಅದನ್ನೇ. ಅರ್ಜಿ ಹಾಕಲು ಇನ್ನೂ ಕೆಲವು ದಿನ ಉಳಿದಿತ್ತು. ಮನೆಗೆ ಹೋದವನೇ ಹೇಳಿಬಿಡಬೇಕು ಅಂದುಕೊಂಡೆ.

ಮನೆಗೆ ಹೋದೆ. ಸವಿತಾ ಟವಲು ತಂದುಕೊಟ್ಟಳು, ಹಿಂದೆಯೇ ಬಿಸಿ ಕಾಫಿ. "ದುದ್ದದಲ್ಲೂ ಮಳೆನಾ ಮಾವ?" ಎಂದಳು. ಹೂಂ ಎಂದೆ. ಅಷ್ಟೇ ಹೇಳಿದೆ.

ಅಲ್ಲಿಯವರೆಗಿನದು ಅಜ್ಞಾನ, ಅಲ್ಲಿಂದ ಮುಂದಿನದು ಪಾಪ. ಆಮೇಲಿನ ವಾರಗಳಲ್ಲಿ ನಾನು ಬೇಕೆಂದೇ ಸುಳ್ಳು ಹೇಳಿದೆ. ಜಾಡಿ ಹುಡುಗಿ, "ಮುಚ್ಚಿಟ್ಟ ಜಾಡಿಗೂ ಬಿಸಿಲು ಬೇಕು, ಇಲ್ಲದಿದ್ದರೆ ಒಳಗಿರುವುದು ಕೆಡುತ್ತದೆ" ಎಂದಳು. ನಾನು, "ಜಾಡಿ ಮುಚ್ಚಳ ತೆಗ್ದಿಟ್ಟಿದ್ದು ನನ್ನ ತಪ್ಪು ಅಂತಾವ್ಳೆ" ಎಂದೆ. ಅವಳು ಅತ್ತೆಯ ಎದುರು ವಾದಿಸಿದರೆ ಕ್ಷಮೆ ಕೇಳಿದಳೆಂದೆ. ಕದ್ದು ಓದಿದರೆ ಇಂಪೋಸಿಷನ್ ಬರೆಯುತ್ತಿದ್ದಾಳೆ ಎಂದೆ. ಜಯಮ್ಮ, ಸರೋಜಮ್ಮ ಇಬ್ಬರೂ ಎಂಥ ಒಳ್ಳೆಯ ಹುಡುಗಿ ಎಂದು ಹೊಗಳುತ್ತ ನೋಡಿದರು. ಅಷ್ಟರಲ್ಲಿ ಅರ್ಜಿಯ ಗಡುವು ದಾಟಿತು. ಸವಿತಾ ಏನೂ ಕೇಳಲಿಲ್ಲ. ಕಾಫಿ ಮಾತ್ರ ಮುಂಚಿನಂತೆಯೇ ಬರುತ್ತಿತ್ತು. 

ಮಳೆಗಾಲ ಮುಗಿಯುತ್ತ ಬಂದಿತ್ತು. ಧಾರಾವಾಹಿಯಲ್ಲಿ ಜಾಡಿ ಹುಡುಗಿ ಕದ್ದು ಓದುವುದು ದೊಡ್ಡಮುಡಿಗೆ ಗೊತ್ತಾಗಿಬಿಟ್ಟಿತು. ಕಾಗದಗಳನ್ನೆಲ್ಲ ಒಲೆಗೆ ಹಾಕಲು ಹೊರಟಳು. ಆಗ ಸೊಳ್ಳೆಪರದೆ ಮೊದಲ ಸಲ ಗಟ್ಟಿಯಾಗಿ ಬಾಯಿ ತೆರೆದ. "ಠಹರೋ! ಮೈನೇ ಉಸ್ಕೇ ಪಿತಾ ಕೋ ವಚನ್ ದಿಯಾ ಥಾ!"

ಯಾತ್ರಿಕರ ಹಿಂದಿಗೆ ನಾನು ಬೇಕಿತ್ತು. ಈ ಮಾತಿಗೆ ಯಾರೂ ಬೇಕಿರಲಿಲ್ಲ. ಪಿತಾ, ವಚನ. ಕನ್ನಡದ ಕಿವಿಗೆ ನೇರವಾಗಿ ಬಂದು ಬಿದ್ದವು.

"ಅವ್ಳ ಅಪ್ಪಂಗೆ ವಚನ ಕೊಟ್ಟಿದ್ದೆ ಅಂತಾವ್ನೆ, ಅಲ್ವೇನ್ರೀ?" ಜಯಮ್ಮ ತಟ್ಟೆ ಕೆಳಗಿಟ್ಟಳು. "ಏನ್ ವಚನ?"

ನಾನು ಮುದ್ದೆಯ ತುತ್ತನ್ನು ಸಾರಿಗೆ ಅದ್ದಿದೆ.

"ಏಳ್ರೀ, ಏನ್ ವಚನ?"

ಸವಿತಾ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಅವಳು ನನ್ನನ್ನು ನೋಡುತ್ತಿರಲಿಲ್ಲ, ತನ್ನ ಕಾಲಿನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದಳು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಓದಿಸ್ತೀನಿ ಅಂತ" ಎಂದೆ.

"ಯಾರ್ನ?"

"ಸೊಸೇನ."

ಟಿವಿಯಲ್ಲಿ ಯಾರೋ ಅಳುತ್ತಿದ್ದರು.

"ಅವತ್ತು ಹಿಮದಲ್ಲಿ ಕುಂತು ಅವ್ಳು ಕೇಳಿದ್ದು ಶಿಕ್ಷೆ ಅಲ್ಲ ಜಯ. ಹಿಂದೀಲಿ ಶಿಕ್ಷಾ ಅಂದ್ರೆ ಓದು. ನಂಗೂ... ನಂಗೂ ಈಗ್ಲೇ ಗೊತ್ತಾಗಿದ್ದು."

ಕೊನೆಯ ಮಾತು ಮತ್ತೊಂದು ಸುಳ್ಳು. ದುದ್ದದ ಗೋಡೆಯನ್ನು ನುಂಗಿಕೊಂಡೆ.

ಜಯಮ್ಮ ಮನೆಯ ಯಜಮಾನಿಯಾಗಿ ಸಿಟ್ಟಾಗುತ್ತಾಳೆಂದು ನಾನು ಹೆದರಿದ್ದೆ. ಅವಳು ಸಿಟ್ಟಾದದ್ದು ಕಥೆ ನೋಡುವವಳಾಗಿ. "ಅಂಗಾರೆ ಇಷ್ಟು ದಿನ ನಾನು ನೋಡಿದ್ದೆಲ್ಲ ಉಲ್ಟಾನಾ? ಆ ದೊಡ್ಡಮುಡಿ ಮಾಡಿದ್ದು ಸರಿ ಅಂದ್ಕೊಂಡು ನಾನಿಲ್ಲಿ ಅಳ್ತಾ ಕುಂತಿದ್ನಾ? ಒಂದು ಹುಡುಗಿ ಓದು ಕೇಳುದ್ರೆ ಹಿಮದಲ್ಲಿ ಕೂರಿಸ್ದೋಳಾ ಅವ್ಳು? ಥೂ! ನಿಮ್ಗೆ ಇಂದಿ ಬತ್ತದೆ ಅಂದೋರ ಬಾಯಿಗೆ ಬೂದಿ ಹಾಕ!"

"ಕಂಡಕ್ಟ್ರಣ್ಣ ನಮ್ನ ಬ್ಯಾರೆ ಸ್ಟಾಪಲ್ಲಿ ಇಳಿಸ್ಬುಟ್ರು" ಎಂದರು ಸರೋಜಮ್ಮ.

ಜಯಮ್ಮ ಸೊಸೆಯ ಕಡೆ ತಿರುಗಿದಳು. "ನಿಂಗೆ ಬತ್ತದಾ ಇಂದಿ?"

"ಸ್ವಲ್ಪ ಬರುತ್ತೆ ಅತ್ತೆ."

"ಮತ್ತೆ ಬಾಯಲ್ಲೇನಿತ್ತು? ಮೊದ್ಲಿಂದ ಏಳು ನಂಗೆ. ಒಂದೂ ಬಿಡ್ಬ್ಯಾಡ."

ಆ ವಾರವಿಡೀ ಸಂಜೆ ಹೊತ್ತು ಸೊಪ್ಪು ಬಿಡಿಸುತ್ತ ಸವಿತಾ ಇಡೀ ಕಥೆಯನ್ನು ಮೊದಲಿಂದ ಹೇಳಿದಳು. ಜಗಲಿಯ ಮೇಲೆ ಕೂತು ನಾನೂ ಕೇಳಿಸಿಕೊಂಡೆ. ನಾನು ಹೇಳಿದ್ದಕ್ಕಿಂತ ಎಷ್ಟೋ ಚೆಂದದ ಕಥೆ. ದೊಡ್ಡಮುಡಿಯೂ ಚಿಕ್ಕವಳಾಗಿದ್ದಾಗ ಓದಬೇಕೆಂದು ಆಸೆಪಟ್ಟವಳೇ ಅಂತೆ. ತನಗೆ ಸಿಗದ್ದು ಇವಳಿಗೆ ಸಿಕ್ಕರೆ ಅದನ್ನು ನೋಡುತ್ತ ಬದುಕುವುದು ಹೇಗೆಂದು ಹಾಗೆ ಮಾಡಿದಳಂತೆ. ಇದನ್ನು ಕೇಳಿದ ಜಯಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಅವಳು ಓದಿದ್ದು ಮೂರನೇ ಕ್ಲಾಸು.

"ನಿಂಗೆ ಓದೋ ಇಷ್ಟ ಇತ್ತಾ ಇಲ್ವಾ?" ಕೊನೆಗೆ ಕೇಳಿದಳು.

"ಇತ್ತು ಅತ್ತೆ."

"ಇಷ್ಟ ಇಲ್ಲ ಅಂದ್ರು ನಿಮ್ ಮಾವ."

"ನಿಮ್ಗೆ ಇಷ್ಟ ಇಲ್ಲ ಅಂದ್ರು ಇವರು."

'ಇವರು' ಎಂದರೆ ಮಂಜುನಾಥ. ಅವನಿಗೆ ಹೇಳಿದ್ದು ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ. ಜಯಮ್ಮ ಜಗಲಿಗೆ ಬಂದು ನನ್ನನ್ನು ನೋಡಿದಳು. ಬೈಯಲಿಲ್ಲ. "ಮುಂದಿನ್ ವರ್ಷ ಅರ್ಜಿ ಕರ್ದಾಗ ನೀವೇ ಓಗಿ ಹಾಕ್ಸಿ ಬರ್ಬೇಕು" ಎಂದಳು. ಹೂಂ ಎಂದೆ.

ಅಂದು ಸವಿತಾ ಕಾಫಿ ತಂದಾಗ ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದಳು. "ಮಾವ, ನೀವು ಮೊದಮೊದ್ಲು ತಡವರಿಸ್ಕೊಂಡು ಹೇಳೋರು. ದುದ್ದಕ್ಕೆ ಹೋಗಿ ಬಂದ್ಮೇಲೆ ನೀರು ಕುಡಿದಂಗೆ ಹೇಳೋಕೆ ಶುರು ಮಾಡಿದ್ರಿ."

ಅಷ್ಟೇ ಹೇಳಿ ಲೋಟ ತೆಗೆದುಕೊಂಡು ಹೋದಳು.

ಮರುವರ್ಷ ಅರ್ಜಿ ಹಾಕಿಸಿ ಬಂದೆ. ಹಾಸನದಲ್ಲೇ ಸೀಟು ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಓದಿದಳು, ಆಮೇಲೆ ಕೆಲಸವೂ ಆಯಿತು. ಈಗ ಚನ್ನರಾಯಪಟ್ಟಣದ ಹತ್ತಿರದ ಒಂದು ಶಾಲೆಯಲ್ಲಿದ್ದಾಳೆ. ನಾವೆಲ್ಲ ಅಲ್ಲಿಯೇ ಇದ್ದೇವೆ. ಒಂದು ವರ್ಷ ತಡವಾದರೂ ಎಲ್ಲ ಸರಿಹೋಯಿತಲ್ಲ ಎಂದು ನಾನು ಮರೆಯಲು ಪ್ರಯತ್ನಿಸಿದೆ. ಸವಿತಾ ಆ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊನ್ನೆ ಮಲ್ಲಿಪಟ್ಟಣದಲ್ಲಿ ಇಳಿದು ಬೀಗರ ಮನೆಗೆ ಹೋದಾಗ ಚಿಕ್ಕೇಗೌಡರು ಪಕ್ಕದ ಮನೆಯವರೊಬ್ಬರ ಜೊತೆ ಜಗಲಿಯಲ್ಲಿ ಕೂತಿದ್ದರು. ಆ ಪಕ್ಕದ ಮನೆಯವರ ಮಗಳಿಗೆ ಗಂಡು ಗೊತ್ತಾಗುತ್ತಿತ್ತಂತೆ. ಗಂಡಿನ ಕಡೆಯವರು ಮದುವೆಯಾದ ಮೇಲೂ ಓದಿಸುತ್ತೇವೆ ಅನ್ನುತ್ತಿದ್ದಾರೆ, ನಂಬಬಹುದೋ ಇಲ್ಲವೋ ಎಂಬ ಮಾತು ನಡೆದಿತ್ತು.

"ಅಗೋ, ಇವ್ರೇ ಬಂದ್ರು ನೋಡು!" ಚಿಕ್ಕೇಗೌಡರು ನನ್ನ ಕೈ ಹಿಡಿದು ಕೂರಿಸಿದರು. "ನಂಬೋದಾದ್ರೆ ಇವ್ರಂಥೋರ್ನ ನಂಬ್ಬೇಕು ಕಣಪ್ಪ. ನಮ್ ಸವಿತಾ ಮದ್ವೆಯಾದ್ ವರ್ಷ ಓದಾಕಿಲ್ಲ, ನಂಗೇ ಬ್ಯಾಡ ಅಂದ್ಬುಟ್ಟಿದ್ಲು. ಬ್ಯಾಡ ಅಂದೋಳ್ಗೆ ಬುದ್ಧಿ ಏಳಿ ಮರುವರ್ಷ ಓದ್ಸಿದೋರು ಇವ್ರು."

ನನಗೆ ಅರ್ಥವಾಗಲಿಲ್ಲ. "ಸವಿತಾ ಬೇಡ ಅಂದ್ಲಾ?"

"ಹೂಂ ಮತ್ತೆ! ನಾನು ಫೋನ್ ಮಾಡಿ ಕೇಳ್ದೆ. ಅರ್ಜಿ ಹಾಕ್ದೇನವ್ವಾ ಅಂದ್ರೆ, ನಂಗೇ ಮನಸ್ಸಿಲ್ಲ ಕಣಪ್ಪ, ಮಾವ ಓದು ಅಂತಾನೇ ಅವ್ರೆ ಅಂದ್ಲು. ಎಂಥಾ ಸಿಟ್ಟು ಬಂತು ಗೊತ್ತಾ ನಂಗೆ? ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ನಾನು ಬರ್ಲೇ ಇಲ್ಲ. ಹುಡುಗನ ಕೈಲಿ ಕಳಿಸ್ದೆ. ಇವತ್ತಿಗೂ ಅದೊಂದು ನಂಗೆ ಒಳಗೇ ಕುಂತದೆ. ಅಷ್ಟು ಓದ್ಸಿದ್ನಲ್ಲ, ಯಾಕೆ ಬ್ಯಾಡ ಅಂದ್ಲು ಅಂತ."

ನನ್ನ ಮಾತು ಉಳಿಸಲು ಆ ಹುಡುಗಿ ಅಪ್ಪನ ಕಣ್ಣಲ್ಲಿ ಸಣ್ಣವಳಾಗಿದ್ದಳು. ಇಷ್ಟು ವರ್ಷ ಹಾಗೆಯೇ ಉಳಿದಿದ್ದಳು. ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಮನೆಯವರು ನನ್ನನ್ನು ದೇವರ ಹಾಗೆ ನೋಡುತ್ತಿದ್ದರು.

"ಗೌಡ್ರೆ" ಎಂದೆ. "ಅವ್ಳು ಬೇಡ ಅಂದಿರ್ಲಿಲ್ಲ. ಓದ್ತೀನಿ ಅಂತ ನನ್ನ ಮುಂದೆ ನಿಂತು ಕೇಳಿದ್ಲು. ತಡೆದವನು ನಾನು."

ಎಲ್ಲವನ್ನೂ ಹೇಳಿದೆ. ಟಿವಿ, ಹಿಂದಿ, ಶಿಕ್ಷಾ, ದುದ್ದದ ಗೋಡೆ. ಜಯಮ್ಮನಿಗೆ ಒಂದು, ಮಗನಿಗೆ ಒಂದು ಹೇಳಿದ್ದು. ಅದೆಲ್ಲ ಕಾಫಿಯ ಆಸೆಗೆ ಎಂಬುದನ್ನೂ ಬಿಡಲಿಲ್ಲ. ಈ ಸಲ ತಡವರಿಸಿಕೊಂಡೇ ಹೇಳಿದೆ. ಪಕ್ಕದ ಮನೆಯವರು ಮೆಲ್ಲಗೆ ಎದ್ದು ಹೋದರು. ಚಿಕ್ಕೇಗೌಡರು ಟವಲು ಹೆಗಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು.

"ಅಂಗಾರೆ ನಮ್ ಸವಿತಾ ಬ್ಯಾಡ ಅಂದಿರ್ಲಿಲ್ವಾ?"

"ಇಲ್ಲ."

"ಒಂದ್ ಸಲಾನೂ?"

"ಒಂದ್ ಸಲಾನೂ ಇಲ್ಲ ಗೌಡ್ರೆ."

ಅವರು ಎದ್ದು ನಿಂತರು. ಹೊಡೆಯುತ್ತಾರೇನೋ ಅಂದುಕೊಂಡೆ, ಹೊಡೆದರೂ ಸರಿಯೇ ಅನ್ನಿಸಿತು. ಅವರು ನನ್ನ ಕಡೆ ನೋಡಲೂ ಇಲ್ಲ. ಒಳಕ್ಕೆ ತಿರುಗಿ ಕೂಗಿದರು. "ಲೇ, ಕೇಳುಸ್ತೇನೇ? ನಮ್ಮುಡ್ಗಿ ಬ್ಯಾಡ ಅಂದಿರ್ಲಿಲ್ವಂತೆ ಕಣೇ! ಓದ್ತೀನಿ ಅಂದಿದ್ಲಂತೆ ಕಣೇ! ಫೋನ್ ತತ್ತಾ, ಫೋನು!"

ಒಳಗಿನಿಂದ ಬೀಗಿತ್ತಿ ಒದ್ದೆ ಕೈಯಲ್ಲೇ ಫೋನು ತಂದುಕೊಟ್ಟರು. ಗೌಡರು ಕಣ್ಣು ಕಿರಿದು ಮಾಡಿ ನಂಬರು ಒತ್ತಿದರು. ಅತ್ತ ಕಡೆಯಿಂದ ಉತ್ತರ ಬಂದದ್ದೇ ತಡ, ಆ ಮುದುಕರ ದನಿ ಒಡೆಯಿತು. "ಏನವ್ವಾ... ನಾನು ಕಣವ್ವ, ಅಪ್ಪ. ಏನಿಲ್ಲ, ಏನಿಲ್ಲ, ಗಾಬರಿ ಆಗ್ಬ್ಯಾಡ. ಯಾಕವ್ವ ಅವತ್ತು ನಂಗೆ ಸುಳ್ಳೇಳ್ದೆ? ಊಂ? ಇಲ್ಲೇ ಅವ್ರೆ ನಿಮ್ ಮಾವ, ಎಲ್ಲ ಏಳುದ್ರು..."

ಅತ್ತಲಿಂದ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಗೌಡರು ಟವಲಿನಿಂದ ಮುಖ ಒರೆಸಿಕೊಳ್ಳುತ್ತ ನಗುತ್ತಿದ್ದರು. ನಾನು ಎದ್ದು ಚಪ್ಪಲಿ ಹುಡುಕುವಾಗ ಫೋನಿನ ಮೇಲೆ ಕೈ ಮುಚ್ಚಿ ನನ್ನ ಕಡೆ ಕಣ್ಣು ಬಿಟ್ಟರು.

"ಎಲ್ಲಿಗೋಗ್ತೀರಿ? ಕುಂತ್ಕಳಿ ಅಲ್ಲೇ. ನಿಮ್ಗೆ ಬಯ್ಯಾದು ಬೇಕಾದಷ್ಟದೆ. ಮೊದ್ಲು ಮಗಳತ್ರ ಮಾತಾಡ್ಕತೀನಿ."

ಬಿಟ್ಟ ಚಪ್ಪಲಿ ಅಲ್ಲೇ ಬಿಟ್ಟು, ಕಂಬಕ್ಕೊರಗಿ ಕಾಲು ನೀಡಿ ಕೂತುಕೊಂಡೆ. ಎಷ್ಟು ಹೊತ್ತಾದರೂ ಕಾಯಬಲ್ಲೆ ಅನ್ನಿಸಿತು.